ಮೊದಲ ಕಂಪ್ಯೂಟರ್‌ಗೆ ಮದರ್‌ಬೋರ್ಡ್ ಕೂರಿಸುವುದು: ಕರಾವಳಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆ ಮೊದಲ ಸಲ ಡೆಸ್ಕ್‌ಟಾಪ್ ಅಸೆಂಬಲ್ ಮಾಡುವವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಯೂಟ್ಯೂಬ್ ನೋಡಿ ಬಂದವರಿಗೆ ಸ್ಟ್ಯಾಟಿಕ್ ಕರೆಂಟಿನದ್ದೇ ಹೆದರಿಕೆ. ನಮ್ಮ ಊರಲ್ಲಿ ಅದಕ್ಕಿಂತ ಜಾಸ್ತಿ ಹೆದರಬೇಕಾದ್ದು ಸರಿಯಿಲ್ಲದ ಅರ್ತಿಂಗ್, ತೇವ ಮತ್ತು ಸಿಡಿಲಿಗೆ. ಅದನ್ನೂ ಸೇರಿಸಿಯೇ ಉತ್ತರ ಬರೆದಿದ್ದೇನೆ.

ಅಂಗಡಿಯವರೇ ಜೋಡಿಸಿ ಕೊಡ್ತಾರಲ್ಲ, ನಾನೇ ಯಾಕೆ ಮಾಡಬೇಕು?

ಮಾಡಲೇಬೇಕು ಅಂತೇನಿಲ್ಲ. ಹಂಪನಕಟ್ಟೆಯಲ್ಲೋ ಮಣಿಪಾಲದಲ್ಲೋ ಎಲ್ಲ ಸಾಮಾನು ಒಂದೇ ಕಡೆ ತೆಗೆದುಕೊಂಡರೆ ಜೋಡಿಸಿ ಕೊಡಿ ಅಂತ ಕೇಳಬಹುದು. ಆದರೆ ನಾಳೆ ರ‍್ಯಾಮ್ ಸೇರಿಸಬೇಕು ಅಂದರೂ, ಮಳೆಗಾಲದಲ್ಲಿ ಒಂದು ದಿನ ಡಿಸ್ಪ್ಲೇ ಬರದೆ ಹೋದರೂ ಕ್ಯಾಬಿನೆಟ್ ಹೊತ್ತುಕೊಂಡು ಬಸ್ ಹತ್ತಬೇಕಾಗುತ್ತದೆ. ಒಮ್ಮೆ ಕೈಯಾರೆ ಕೂರಿಸಿದವರಿಗೆ ಈ ಓಡಾಟ ಬಹಳ ಮಟ್ಟಿಗೆ ತಪ್ಪುತ್ತದೆ. ಒಂದು ಭಾನುವಾರ ಬಿಡುವು ಮಾಡಿಕೊಂಡರೆ ಸಾಕು.

ಬೋರ್ಡ್ ತೆಗೆದುಕೊಳ್ಳುವ ಮೊದಲು ಏನೇನು ಹೊಂದುತ್ತದೆ ಅಂತ ನೋಡಬೇಕು?

ಮೊದಲು ಸಾಕೆಟ್, ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ. ಎಎಂಡಿ ಪ್ರೊಸೆಸರ್ ಆದರೆ ಎಎಂ4 ಅಥವಾ ಎಎಂ5. ಇಂಟೆಲ್‌ನ 12, 13, 14ನೇ ಜನರೇಷನ್‌ಗಳಿಗೆ ಎಲ್‌ಜಿಎ1700. ಕೋರ್ ಅಲ್ಟ್ರಾ 200 ಸರಣಿಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ ಎಲ್‌ಜಿಎ1851. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ.

ಆಮೇಲೆ ರ‍್ಯಾಮ್. ಡಿಡಿಆರ್4, ಡಿಡಿಆರ್5 ಎರಡರಲ್ಲೂ 288 ಪಿನ್ ಇದ್ದರೂ ನಡುವಿನ ಕಚ್ಚು ಬೇರೆ ಬೇರೆ ಜಾಗದಲ್ಲಿದೆ. ಎಲ್‌ಜಿಎ1700ರಲ್ಲಿ ಎರಡು ಬಗೆಯ ಬೋರ್ಡೂ ಸಿಗುತ್ತದೆ, ಮೋಸ ಹೋಗುವುದು ಅಲ್ಲೇ. ಬಾಕ್ಸ್ ಮೇಲೆ ಬರೆದದ್ದನ್ನು ಓದಿ.

ಕೊನೆಗೆ ಅಳತೆ. ಎಟಿಎಕ್ಸ್ ಬೋರ್ಡ್ 305 × 244 ಮಿ.ಮೀ., ಮೈಕ್ರೋ ಎಟಿಎಕ್ಸ್ 244 × 244, ಮಿನಿ ಐಟಿಎಕ್ಸ್ 170 × 170. ದೊಡ್ಡ ಕ್ಯಾಬಿನೆಟ್‌ಗೆ ಚಿಕ್ಕ ಬೋರ್ಡ್ ಹಾಕಬಹುದು, ಚಿಕ್ಕದಕ್ಕೆ ದೊಡ್ಡದು ಆಗದು. ಮೊದಲ ಸಲದವರಿಗೆ ನನ್ನ ಸಲಹೆ: ಬೋರ್ಡ್ ಮೈಕ್ರೋ ಎಟಿಎಕ್ಸ್ ಇರಲಿ, ಕ್ಯಾಬಿನೆಟ್ ಮಾತ್ರ ಎಟಿಎಕ್ಸ್ ಇರಲಿ. ಒಳಗೆ ಕೈ ಆಡುತ್ತದೆ.

ಸಾಕೆಟ್ ಸರಿಯಿದ್ದರೂ ಪ್ರೊಸೆಸರ್ ನಡೆಯದೆ ಇರಬಹುದಾ?

ಇರಬಹುದು. ಬೋರ್ಡಿನ ಬಯಾಸ್ (ಆನ್ ಮಾಡಿದ ಕೂಡಲೇ ಓಡುವ ಬೋರ್ಡಿನದ್ದೇ ಸಾಫ್ಟ್‌ವೇರ್) ಹಳೆಯದಾಗಿದ್ದರೆ ಹೊಸ ಪ್ರೊಸೆಸರ್ ಅದಕ್ಕೆ ಗುರುತು ಸಿಗುವುದಿಲ್ಲ. ಬಿ450 ಬೋರ್ಡಿಗೆ ರೈಜನ್ 5000, ಎಚ್610ಕ್ಕೆ 14ನೇ ಜನರೇಷನ್ ಇಂಟೆಲ್, ಬಿ650ಗೆ ರೈಜನ್ 9000 ಹಾಕುವಾಗ ಈ ತೊಂದರೆ ಬರಬಹುದು. ಬಯಾಸ್ ಅಪ್‌ಡೇಟ್ ಮಾಡಿಕೊಡಿ ಅಂತ ಅಂಗಡಿಯಲ್ಲೇ ಕೇಳಿ. ಬೋರ್ಡಿನಲ್ಲಿ ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇದ್ದರೆ ಪೆನ್ ಡ್ರೈವ್‌ನಿಂದ ನೀವೇ ಮಾಡಬಹುದು, ಅದಕ್ಕೆ ಪ್ರೊಸೆಸರ್ ಕೂಡ ಬೇಕಾಗಿಲ್ಲ.

ಸಾಮಾನು ಬೆಂಗಳೂರಿನಿಂದ ತರಿಸುತ್ತಿದ್ದೇನೆ. ಮಳೆಗಾಲದಲ್ಲಿ ತರಿಸಬಹುದಾ?

ಬೆಂಗಳೂರಿನ ಎಸ್.ಪಿ. ರೋಡ್‌ನಿಂದ ತರಿಸುವವರು ಇದ್ದೇ ಇದ್ದಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಪಾರ್ಸೆಲ್ ತಡವಾಗುತ್ತದೆ, ಅಷ್ಟೇ. ಬಂದ ಡಬ್ಬ ಒದ್ದೆಯಾಗಿದೆಯಾ ನೋಡಿ, ತೆರೆಯುವಾಗ ಶುರುವಿನಿಂದ ಕೊನೆಯವರೆಗೆ ವೀಡಿಯೊ ಮಾಡಿ. ಎಸಿ ಕಾರಿನಲ್ಲಿ ತಣ್ಣಗಾದ ಪಾರ್ಸೆಲ್ ಮನೆಗೆ ತಂದ ಕೂಡಲೇ ಬಿಚ್ಚಬೇಡಿ. ನಮ್ಮ ತೇವದ ಗಾಳಿ ತಣ್ಣನೆಯ ಲೋಹಕ್ಕೆ ತಾಗಿದರೆ ಬೆವರು ಕೂರುತ್ತದೆ. ಒಂದೆರಡು ಗಂಟೆ ಹಾಗೇ ಇಡಿ.

ಏನೇನು ಸಲಕರಣೆ ಬೇಕು?

ಮ್ಯಾಗ್ನೆಟ್ ಇರುವ ಒಂದು ಸ್ಟಾರ್ ಸ್ಕ್ರೂಡ್ರೈವರ್, ಒಳ್ಳೆಯ ಬೆಳಕು, ಸ್ಕ್ರೂ ಹಾಕಿಡಲು ಒಂದು ಬಟ್ಟಲು. ಅಷ್ಟೇ. ಫ್ಯಾನ್ ಆಫ್ ಮಾಡಿಕೊಳ್ಳಿ ಅಂತ ಹೇಳಬೇಕು, ಆದರೆ ಏಪ್ರಿಲ್‌ನಲ್ಲಿ ಮಂಗಳೂರಿನಲ್ಲಿ ಯಾರಿಗೂ ಆ ಮಾತು ಹೇಳಲು ಬಾಯಿ ಬರುವುದಿಲ್ಲ. ಫ್ಯಾನ್ ಇರಲಿ, ಕೈಯ ಬೆವರು ಒರೆಸಲು ಒಂದು ಒಣ ಬಟ್ಟೆ ಪಕ್ಕದಲ್ಲಿರಲಿ. ಬೆವರಿನ ಹನಿ ಸಾಕೆಟ್ ಮೇಲೆ ಬೀಳಬಾರದು.

ಸ್ಟ್ಯಾಟಿಕ್‌ನಿಂದ ಬೋರ್ಡ್ ಸುಟ್ಟು ಹೋಗುತ್ತದೆ ಅಂತಾರೆ. ನಿಜವಾ?

ನಿಜ, ಆದರೆ ಎಷ್ಟು ಅನ್ನುವುದು ಹವೆಯ ಮೇಲೆ ಹೋಗುತ್ತದೆ. ಒಣ ಗಾಳಿಯಲ್ಲಿ ಮೈಮೇಲೆ ಚಾರ್ಜ್ ಕೂಡಿಕೊಳ್ಳುತ್ತದೆ. ಸುಮಾರು 3000 ವೋಲ್ಟ್‌ಗಿಂತ ಕಡಿಮೆ ಇದ್ದರೆ ಅದು ಕೈಗೆ ಗೊತ್ತೇ ಆಗುವುದಿಲ್ಲ, ಚಿಪ್ ಸುಡಲು ಮಾತ್ರ ಅಷ್ಟು ಬೇಡವೇ ಬೇಡ. ತೇವದ ಗಾಳಿಯಲ್ಲಿ ಆ ಚಾರ್ಜ್ ನಿಲ್ಲದೆ ಸೋರಿ ಹೋಗುತ್ತದೆ. ವರ್ಷಕ್ಕೆ 3500 ಮಿ.ಮೀ.ಗೂ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಇಲ್ಲಿ ಆ ಅಪಾಯ ಕಡಿಮೆ, ಪೂರ್ತಿ ಇಲ್ಲವೆಂದಲ್ಲ. ಎಸಿ ಹಾಕಿದ ಕೋಣೆಯಲ್ಲಿ ಗಾಳಿ ಒಣಗುತ್ತದೆ, ಅಲ್ಲಿ ಜಾಗ್ರತೆ ಬೇಕು.

ಮಾಡಬೇಕಾದ್ದು ಇಷ್ಟು. ಕಾಲಿನ ಕೆಳಗೆ ಕಾರ್ಪೆಟ್ ಬೇಡ. ಬೋರ್ಡ್ ಮುಟ್ಟುವ ಮೊದಲು, ಆಗಾಗ ನಡುವೆಯೂ, ಕ್ಯಾಬಿನೆಟ್‌ನ ಪೇಂಟ್ ಇಲ್ಲದ ಲೋಹ ಮುಟ್ಟಿ. ಬೋರ್ಡನ್ನು ಅಂಚಿನಲ್ಲಿ ಹಿಡಿಯಿರಿ. ರಿಸ್ಟ್ ಸ್ಟ್ರ್ಯಾಪ್ (ಮೈಯ ಚಾರ್ಜನ್ನು ಲೋಹಕ್ಕೆ ಇಳಿಸುವ ಕೈಪಟ್ಟಿ) ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕೆಲಸ ನಿಲ್ಲಿಸುವುದು ಬೇಡ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅಂತದೆ. ಸಣ್ಣದು ಅಲ್ವಾ, ಬಿಡಬಹುದಾ?

ಬಿಡಬಾರದು. ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರ್‌ಗೆ ಬೇಕಾದಂತೆ ಇಳಿಸಿ ಕೊಡುವ ಡಬ್ಬ) ಒಳಗೆ ಕರೆಂಟಿನ ಗಲೀಜು ಸೋಸಲು ಫೇಸ್‌ನಿಂದ ಅದರ ತಗಡಿನ ಮೈಗೆ, ನ್ಯೂಟ್ರಲ್‌ನಿಂದ ಅದೇ ಮೈಗೆ ಒಂದೊಂದು ಸಣ್ಣ ಕೆಪಾಸಿಟರ್ ಇರುತ್ತದೆ. ಅರ್ತಿಂಗ್ ಸರಿ ಇದ್ದರೆ ಅಲ್ಲಿಂದ ಸೋರುವ ಚೂರು ಕರೆಂಟ್ ನೆಲಕ್ಕೆ ಹೋಗುತ್ತದೆ. ಅರ್ತಿಂಗ್ ಇಲ್ಲದಿದ್ದರೆ ಹೋಗಲು ದಾರಿಯಿಲ್ಲದೆ ಕ್ಯಾಬಿನೆಟ್ ಬಾಡಿ ಸುಮಾರು 115 ವೋಲ್ಟ್‌ನಲ್ಲಿ ನಿಲ್ಲುತ್ತದೆ, ಅಂದರೆ 230ರ ಅರ್ಧ. ಸಾಮಾನ್ಯವಾಗಿ ಕರೆಂಟ್ ತೀರಾ ಕಡಿಮೆ, ಹಾಗಾಗಿ ಜುಮ್ ಅನ್ನುತ್ತದೆ ಅಷ್ಟೇ. ಆದರೆ ಎಸ್‌ಎಂಪಿಎಸ್ ಒಳಗೆ ಏನಾದರೂ ಶಾರ್ಟ್ ಆದ ದಿನ ನಿಮ್ಮನ್ನು ಕಾಯಲು ಏನೂ ಇಲ್ಲ ಅಂತ ಆ ಜುಮ್ಮು ಹೇಳುತ್ತಿದೆ. ಮಾನಿಟರ್ ಕೇಬಲ್, ಯುಎಸ್‌ಬಿ ಸಿಕ್ಕಿಸುವಾಗ ಪೋರ್ಟ್ ಹಾಳಾಗುವುದಕ್ಕೂ ಇದು ಕಾರಣ ಆಗಬಹುದು.

ಎಷ್ಟೋ ಹಳೆಯ ಹಂಚಿನ ಮನೆಗಳಲ್ಲಿ ಮೂರು ಪಿನ್ನಿನ ಪ್ಲಗ್ ಪಾಯಿಂಟ್ ಇದ್ದರೂ ಹಿಂದೆ ಅರ್ತ್ ವೈರ್ ಎಳೆದಿರುವುದಿಲ್ಲ. ಎಳೆದಿದ್ದರೂ ಬೇಸಿಗೆಯಲ್ಲಿ ಮುರಕಲ್ಲಿನ ನೆಲ ಒಣಗಿ ಅರ್ತಿಂಗ್ ಗುಂಡಿ ಸರಿಯಾಗಿ ಕೆಲಸ ಮಾಡದೆ ಇರಬಹುದು. ಎಲೆಕ್ಟ್ರಿಷಿಯನ್ ಕರೆಸಿ ಮೀಟರ್ ಇಟ್ಟು ನೋಡಿಸಿ. ಫೇಸ್‌ಗೂ ಅರ್ತ್‌ಗೂ ನಡುವೆ 230ರ ಹತ್ತಿರ ಬರಬೇಕು, ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ ಒಂದೆರಡು ವೋಲ್ಟ್. ಟೆಸ್ಟರ್‌ನಲ್ಲಿ ಇದು ಗೊತ್ತಾಗದು. ಸ್ಪೈಕ್ ಗಾರ್ಡ್ ಹಾಕಿದರೆ ಆಯ್ತಲ್ಲ ಅಂತ ಕೇಳುತ್ತಾರೆ. ಆಗಲಿಲ್ಲ, ಅದಕ್ಕೂ ಅರ್ತ್ ಬೇಕು. ಇಡೀ ಬಜೆಟ್‌ನಲ್ಲಿ ಮೊದಲ ಖರ್ಚು ಇದಕ್ಕೇ ಇರಲಿ ಅನ್ನುತ್ತೇನೆ ನಾನು. ಗ್ರಾಫಿಕ್ಸ್ ಕಾರ್ಡ್ ಆಮೇಲೆ.

ಪ್ರೊಸೆಸರ್ ಕೂರಿಸುವಾಗ ಕರಕರ ಸದ್ದು ಬಂತು. ಮುರಿದು ಹೋಯ್ತಾ?

ಎಲ್‌ಜಿಎ ಸಾಕೆಟ್ ಆದರೆ ಹೆದರಬೇಡಿ. ಅದರಲ್ಲಿ ಪಿನ್‌ಗಳು ಬೋರ್ಡಿನಲ್ಲಿರುತ್ತವೆ. ಎಎಂ5 ಕೂಡ ಇದೇ ಬಗೆ, 1718 ಪಿನ್. ಲಿವರ್ ಒತ್ತುವಾಗ ಅವೆಲ್ಲ ಸ್ಪ್ರಿಂಗ್‌ನಂತೆ ಬಾಗುತ್ತವೆ, ಕರಕರ ಅನ್ನುತ್ತದೆ, ಬಲವೂ ಜಾಸ್ತಿಯೇ ಬೇಕು. ಆದರೆ ಒತ್ತುವ ಮೊದಲು ಪ್ರೊಸೆಸರ್‌ನ ಚಿನ್ನದ ಬಣ್ಣದ ತ್ರಿಕೋನ, ಸಾಕೆಟ್‌ನ ತ್ರಿಕೋನ ಎರಡೂ ಒಂದೇ ಮೂಲೆಯಲ್ಲಿ ಇರಬೇಕು. ಪ್ರೊಸೆಸರ್ ತನ್ನ ಪಾಡಿಗೆ ಚಪ್ಪಟೆಯಾಗಿ ಕೂತಿರಬೇಕು. ಬಲ ಹಾಕುವುದು ಲಿವರ್‌ಗೆ ಮಾತ್ರ, ಪ್ರೊಸೆಸರ್‌ಗೆ ಯಾವತ್ತೂ ಅಲ್ಲ. ಮೇಲಿನ ಕಪ್ಪು ಪ್ಲಾಸ್ಟಿಕ್ ಮುಚ್ಚಳ ತಾನಾಗಿ ಎದ್ದು ಬರುತ್ತದೆ. ಅದನ್ನು ಬಿಸಾಡಬೇಡಿ, ವಾರಂಟಿಗೆ ಬೋರ್ಡ್ ಕಳಿಸುವಾಗ ಬೇಕು.

ಎಎಂ4ರಲ್ಲಿ ಪಿನ್ ಪ್ರೊಸೆಸರ್‌ನಲ್ಲೇ ಇದೆ. ಲಿವರ್ ಎತ್ತಿ ಇಟ್ಟರೆ ತಾನೇ ಇಳಿಯಬೇಕು. ಅಲ್ಲಿ ಕರಕರ ಬಂದರೆ ಮಾತ್ರ ನಿಲ್ಲಿಸಿ.

ಕೂಲರ್ ಪೇಸ್ಟ್ ಎಷ್ಟು ಹಾಕಬೇಕು?

ಪ್ರೊಸೆಸರ್‌ನ ಬಿಸಿಯನ್ನು ಕೂಲರ್‌ಗೆ ದಾಟಿಸುವ ಪೇಸ್ಟ್ ಇದು. ಹೊಸ ಕೂಲರ್ ತಳದಲ್ಲಿ ಮೊದಲೇ ಹಚ್ಚಿದ್ದರೆ ಇನ್ನೇನೂ ಬೇಡ. ಇಲ್ಲದಿದ್ದರೆ ಪ್ರೊಸೆಸರ್ ಮೇಲೆ ನಡುವೆ ಬಟಾಣಿ ಗಾತ್ರದ ಒಂದು ಚುಕ್ಕಿ. ತಳದ ಪ್ಲಾಸ್ಟಿಕ್ ಹಾಳೆ ಕಿತ್ತಿದ್ದೀರಾ ಅಂತ ಇನ್ನೊಮ್ಮೆ ನೋಡಿ. ಫ್ಯಾನಿನ ವೈರ್ ಹೋಗಬೇಕಾದ್ದು ಸಿಪಿಯು ಫ್ಯಾನ್ ಅಂತ ಬರೆದ ಪಿನ್ನಿಗೆ.

ಎರಡು ರ‍್ಯಾಮ್ ಉಂಟು, ನಾಲ್ಕು ಸ್ಲಾಟ್ ಉಂಟು. ಯಾವುದರಲ್ಲಿ ಹಾಕುವುದು?

ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೆಯದು ಮತ್ತು ನಾಲ್ಕನೆಯದು. ಹೆಚ್ಚಿನ ಬೋರ್ಡ್‌ಗಳಲ್ಲಿ ಅದೇ ಎ2, ಬಿ2. ಮೊದಲ ಎರಡರಲ್ಲೋ ಕೊನೆಯ ಎರಡರಲ್ಲೋ ಹಾಕಿದರೆ ಎರಡೂ ಒಂದೇ ಚಾನೆಲ್‌ಗೆ (ಪ್ರೊಸೆಸರ್‌ಗೆ ಹೋಗುವ ದಾರಿಗೆ) ಹೋಗಿ ವೇಗ ಕಡಿಮೆಯಾಗುತ್ತದೆ. ಎರಡೂ ತುದಿ ಟಕ್ ಅನ್ನುವವರೆಗೆ ಒತ್ತಿ.

ಎಂ.2 ಎಸ್‌ಎಸ್‌ಡಿ ಓರೆಯಾಗಿ ಎದ್ದು ನಿಲ್ಲುತ್ತದೆ, ಸರಿಯಾ?

ಸರಿಯೇ. ಎಂ.2 ಅಂದರೆ ಬೋರ್ಡಿಗೇ ನೇರ ಕೂರುವ ಪಟ್ಟಿಯಂಥ ಎಸ್‌ಎಸ್‌ಡಿ. ಓರೆಯಾಗಿ ಸಿಕ್ಕಿಸಿ, ಕೆಳಗೆ ಒತ್ತಿ, ತುದಿಯಲ್ಲಿ ಸ್ಕ್ರೂ ಹಾಕುವುದು. ಆ ಪುಟಾಣಿ ಸ್ಕ್ರೂ ಬೋರ್ಡಿನ ಬಾಕ್ಸ್‌ನಲ್ಲಿರುತ್ತದೆ, ಎಸ್‌ಎಸ್‌ಡಿ ಬಾಕ್ಸ್‌ನಲ್ಲಿ ಹುಡುಕಬೇಡಿ. ಬೋರ್ಡಿಗೆ ಹೀಟ್‌ಸಿಂಕ್ ಇದ್ದರೆ ಅದರ ಪ್ಯಾಡಿನ ಹಾಳೆ ಕೀಳಿ.

ಇಷ್ಟಾದ ಮೇಲೆ ನೇರ ಕ್ಯಾಬಿನೆಟ್‌ಗೆ ಹಾಕಬಹುದಾ?

ಹಾಕಬೇಡಿ. ಮೊದಲು ಹೊರಗೆ ಆನ್ ಮಾಡಿ ನೋಡಿ. ಅರ್ಧ ಗಂಟೆಯ ಕೆಲಸ, ಅರ್ಧ ದಿನದ ತಲೆಬಿಸಿ ಉಳಿಸುತ್ತದೆ. ಸುಮ್ನೆ ಸಮಯ ಹಾಳು ಅಂದುಕೊಂಡು ಬಿಟ್ಟವರು ಡಿಸ್ಪ್ಲೇ ಬರದಿದ್ದಾಗ ತಪ್ಪು ಬೋರ್ಡಿನದ್ದೋ, ಸ್ಟ್ಯಾಂಡಾಫ್‌ನದ್ದೋ (ಬೋರ್ಡಿನ ಕೆಳಗಿನ ಸಣ್ಣ ಕಾಲು), ಕೇಬಲ್‌ದೋ ಗೊತ್ತಾಗದೆ ಎಲ್ಲವನ್ನೂ ಬಿಚ್ಚುತ್ತಾರೆ.

ಬೋರ್ಡನ್ನು ಅದರ ರಟ್ಟಿನ ಡಬ್ಬದ ಮೇಲೆ ಇಡಿ. ಬೋರ್ಡ್ ಬಂದ ಬೆಳ್ಳಿ ಬಣ್ಣದ ಕವರ್ ಮೇಲೆ ಇಡಬೇಡಿ, ಅದರ ಹೊರಮೈಯಲ್ಲಿ ಕರೆಂಟ್ ಹರಿಯಬಹುದು. ಪ್ರೊಸೆಸರ್, ಕೂಲರ್, ಒಂದೇ ರ‍್ಯಾಮ್ ಇರಲಿ. 24 ಪಿನ್ನಿನ ದೊಡ್ಡ ಕೇಬಲ್, ಪ್ರೊಸೆಸರ್‌ನ 8 ಪಿನ್ನಿನ ಕೇಬಲ್ ಎರಡನ್ನೂ ಸಿಕ್ಕಿಸಿ, ಮಾನಿಟರ್ ಜೋಡಿಸಿ. ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸ್ ಇಲ್ಲದಿದ್ದರೆ ಕಾರ್ಡ್ ಕೂಡ ಬೇಕು. ರೈಜನ್ 5 5600, ಕೋರ್ ಐ5 12400ಎಫ್ ಇಂಥವುಗಳಲ್ಲಿ ಗ್ರಾಫಿಕ್ಸ್ ಇಲ್ಲ.

ಈಗ ಪವರ್ ಬಟನ್ ಎಲ್ಲಿ? ಮ್ಯಾನ್ಯುಯಲ್‌ನಲ್ಲಿ ಪವರ್ ಸ್ವಿಚ್‌ನ ಎರಡು ಪಿನ್ ಯಾವುದು ಅಂತ ನೋಡಿ. ಎಸ್‌ಎಂಪಿಎಸ್ ಆನ್ ಇಟ್ಟು ಸ್ಕ್ರೂಡ್ರೈವರ್ ತುದಿಯಿಂದ ಆ ಎರಡನ್ನು ಒಂದು ಕ್ಷಣ ಮುಟ್ಟಿಸಿ ತೆಗೆಯಿರಿ. ಅಲ್ಲಿರುವುದು ತೀರಾ ಸಣ್ಣ ವೋಲ್ಟೇಜ್, ಕೈಗೆ ಶಾಕ್ ಹೊಡೆಯುವುದಿಲ್ಲ. ಫ್ಯಾನ್ ತಿರುಗಿ ಬಯಾಸ್ ಕಂಡರೆ ಬೋರ್ಡ್ ಗೆದ್ದಿತು. ಆಫ್ ಮಾಡಿ, ಪ್ಲಗ್ ತೆಗೆದು, ಮುಂದಕ್ಕೆ ಹೋಗಿ.

ಸ್ಕ್ರೂ ಉಂಟು, ಬೋರ್ಡಿನ ತೂತಿನ ಕೆಳಗೆ ಏನೂ ಇಲ್ಲ. ಏನು ಮಾಡುವುದು?

ಅಲ್ಲಿ ಸ್ಟ್ಯಾಂಡಾಫ್ ಬೇಕು. ಹಿತ್ತಾಳೆ ಬಣ್ಣದ ಆರು ಮೂಲೆಯ ಸಣ್ಣ ಕಾಲು ಅದು. ಬೋರ್ಡಿನ ಹಿಂಬದಿಯ ಬೆಸುಗೆ ಕ್ಯಾಬಿನೆಟ್ ತಗಡಿಗೆ ತಾಗದಂತೆ ಎತ್ತಿ ಹಿಡಿಯುತ್ತದೆ.

ಬೋರ್ಡ್ ಒಳಗೆ ಇಳಿಸುವ ಮೊದಲು ತೂತು ಎಣಿಸಿ. ಪೂರ್ತಿ ಅಗಲದ ಎಟಿಎಕ್ಸ್ ಬೋರ್ಡಿನಲ್ಲಿ 9, ಮಿನಿ ಐಟಿಎಕ್ಸ್‌ನಲ್ಲಿ 4, ಮೈಕ್ರೋ ಎಟಿಎಕ್ಸ್‌ನಲ್ಲಿ ಬೋರ್ಡಿನ ಅಗಲ ನೋಡಿ 6 ಅಥವಾ 8. ಅಷ್ಟೇ ಸ್ಟ್ಯಾಂಡಾಫ್, ಅದೇ ಜಾಗದಲ್ಲಿ. ಕಡಿಮೆಯಾದರೆ ರ‍್ಯಾಮ್ ಒತ್ತುವಾಗ ಬೋರ್ಡ್ ಬಗ್ಗುತ್ತದೆ. ಜಾಸ್ತಿಯಾದರೆ ಇನ್ನೂ ಕೆಟ್ಟದು. ತೂತಿಲ್ಲದ ಕಡೆ ನಿಂತ ಒಂದು ಸ್ಟ್ಯಾಂಡಾಫ್ ಹಿಂಬದಿಯಿಂದ ಬೆಸುಗೆಗೆ ತಾಗಿ ಶಾರ್ಟ್ ಮಾಡುತ್ತದೆ. ಎಟಿಎಕ್ಸ್‌ಗೆ ಅಂತ ಕಂಪನಿಯವರೇ ಹಾಕಿಟ್ಟ ಕ್ಯಾಬಿನೆಟ್‌ಗೆ ಮೈಕ್ರೋ ಎಟಿಎಕ್ಸ್ ಬೋರ್ಡ್ ಹಾಕುವಾಗ ಇದು ಸುಲಭವಾಗಿ ಕಣ್ಣು ತಪ್ಪುತ್ತದೆ. ಕೆಲವು ಕ್ಯಾಬಿನೆಟ್‌ನಲ್ಲಿ ನಡುವಿನ ಸ್ಟ್ಯಾಂಡಾಫ್‌ಗೆ ಸ್ಕ್ರೂ ತೂತೇ ಇರದೆ ಒಂದು ಮೊಳೆಯಂಥ ತುದಿ ಇರುತ್ತದೆ. ಅದು ಬೋರ್ಡನ್ನು ಜಾಗಕ್ಕೆ ಹಿಡಿಯಲು. ಅಲ್ಲಿ ಸ್ಕ್ರೂ ಬೇಡ.

ಹಿಂದಿನ ತಗಡು ಕೂರುತ್ತಲೇ ಇಲ್ಲ!

ಐಓ ಶೀಲ್ಡ್ ಅಂದರೆ ಎಲ್ಲರಿಗೂ ಸಿಟ್ಟು ಬರುತ್ತದೆ ಮಾರಾಯ್ರೆ. ಕೆಲವು ಬೋರ್ಡ್‌ಗಳಲ್ಲಿ ಅದು ಬೋರ್ಡಿಗೇ ಅಂಟಿಕೊಂಡು ಬರುತ್ತದೆ, ಪುಣ್ಯ. ಬೇರೆ ಇದ್ದರೆ ಬೋರ್ಡಿಗಿಂತ ಮೊದಲು ಒಳಗಿನಿಂದ ಹಾಕಬೇಕು, ನಾಲ್ಕು ಮೂಲೆಯೂ ಟಕ್ ಅನ್ನಬೇಕು. ಅಂಚು ಚೂಪಾಗಿರುತ್ತದೆ, ಬೆರಳು ಜೋಪಾನ.

ಅದರ ಒಳಮೈಯಲ್ಲಿ ಸಣ್ಣ ಸಣ್ಣ ತಗಡಿನ ನಾಲಿಗೆಗಳಿವೆ. ಬೋರ್ಡ್ ಕೂರಿಸುವಾಗ ಒಂದು ನಾಲಿಗೆ ಸದ್ದಿಲ್ಲದೆ ಲ್ಯಾನ್ ಪೋರ್ಟ್ ಒಳಗೆ ಹೋಗಿಬಿಡುತ್ತದೆ. ಎಲ್ಲ ಮುಗಿದು ಲ್ಯಾನ್ ಕೇಬಲ್ ಹಾಕಲು ಹೋದಾಗಲೇ ಗೊತ್ತಾಗುವುದು. ಹಾಗಾಗಿ ಬೋರ್ಡನ್ನು ಓರೆ ಮಾಡಿ ಪೋರ್ಟ್‌ಗಳ ಕಡೆಯನ್ನು ಮೊದಲು ಇಳಿಸಿ. ಸ್ಕ್ರೂ ಹಾಕುವ ಮೊದಲು ಕ್ಯಾಬಿನೆಟ್ ಹಿಂದೆ ಹೋಗಿ ಟಾರ್ಚ್ ಬಿಟ್ಟು ಪ್ರತಿ ಪೋರ್ಟ್ ನೋಡಿ.

ಸ್ಕ್ರೂ ಎಷ್ಟು ಬಿಗಿ ಮಾಡಬೇಕು?

ಎಲ್ಲವನ್ನೂ ಮೊದಲು ಸಡಿಲವಾಗಿ ಹಾಕಿ, ಆಮೇಲೆ ಎದುರುಬದುರು ಮೂಲೆಗಳಿಂದ ಬಿಗಿ ಮಾಡುತ್ತಾ ಬನ್ನಿ. ಸ್ಕ್ರೂ ನಿಂತ ಮೇಲೆ ಇನ್ನೊಂದು ಚೂರು, ಅಲ್ಲಿಗೆ ಸಾಕು. ಕೈಗೆ ತಿರುಗದ ಸ್ಕ್ರೂ ಥ್ರೆಡ್ ಬೇರೆಯದ್ದು, ಒತ್ತಾಯ ಬೇಡ.

ಯಾವ ಕೇಬಲ್ ಎಲ್ಲಿಗೆ?

ಪ್ರೊಸೆಸರ್‌ನ 8 ಪಿನ್ ಕೇಬಲ್ ಬೋರ್ಡಿನ ಮೇಲಿನ ಎಡ ಮೂಲೆಗೆ. ಅದನ್ನು ಬೋರ್ಡ್ ಇಳಿಸುವ ಮೊದಲೇ ಆ ಮೂಲೆಯ ಸಂದಿನಿಂದ ತೂರಿಸಿಟ್ಟುಕೊಳ್ಳಿ, ಆಮೇಲೆ ಕೈ ಹೋಗದು. ಗ್ರಾಫಿಕ್ಸ್ ಕಾರ್ಡಿನ 8 ಪಿನ್ ನೋಡಲು ಹಾಗೇ ಇರುತ್ತದೆ, ಆದರೆ ವೈರಿಂಗ್ ಬೇರೆ. ಒಂದು 4+4 ಆಗಿ ಬಿಡುತ್ತದೆ, ಇನ್ನೊಂದು 6+2 ಆಗಿ. ಬಲ ಹಾಕಿ ತುರುಕಬೇಡಿ.

ಕೇಬಲ್ ಬಿಚ್ಚಿ ಹಾಕುವ ಎಸ್‌ಎಂಪಿಎಸ್ ಇದ್ದರೆ ಅದರದ್ದೇ ಕೇಬಲ್ ಬಳಸಿ. ಗೆಳೆಯನ ಹಳೆ ಎಸ್‌ಎಂಪಿಎಸ್‌ನ ಕೇಬಲ್ ಸಿಕ್ಕಿಸಿದರೆ ಕೂರುತ್ತದೆ, ಬೋರ್ಡೋ ಎಸ್‌ಎಸ್‌ಡಿಯೋ ಸುಡುತ್ತದೆ. ಪಿನ್ ಜೋಡಣೆಗೆ ಎಲ್ಲ ಕಂಪನಿಗೂ ಒಂದೇ ಲೆಕ್ಕ ಇಲ್ಲ.

ಕ್ಯಾಬಿನೆಟ್ ಮುಂಭಾಗದ ಯುಎಸ್‌ಬಿ 3ರ ನೀಲಿ ತಲೆಯ ದಪ್ಪ ಕೇಬಲ್ ನೇರ ಹಿಡಿದು ಹಾಕಿ, ಓರೆ ಮಾಡಿದರೆ ಬೋರ್ಡಿನ ಪಿನ್ ಬಗ್ಗುತ್ತದೆ.

ಪವರ್ ಬಟನ್, ಲೈಟಿನ ಸಣ್ಣ ವೈರ್‌ಗಳು?

ಬೋರ್ಡಿನ ಕೆಳಗಿನ ಬಲ ಮೂಲೆಯಲ್ಲಿ ಎರಡು ಸಾಲು ಪಿನ್ ಇರುತ್ತದೆ, ಒಟ್ಟು 9. ಮ್ಯಾನ್ಯುಯಲ್ ಚಿತ್ರ ನೋಡಿಯೇ ಹಾಕಿ. ಪವರ್ ಸ್ವಿಚ್, ರೀಸೆಟ್‌ಗೆ ಪ್ಲಸ್ ಮೈನಸ್ ಇಲ್ಲ. ಲೈಟಿಗೆ ಇದೆ, ಆದರೆ ತಿರುಗಿಸಿ ಹಾಕಿದರೆ ಲೈಟ್ ಉರಿಯುವುದಿಲ್ಲ ಅಷ್ಟೇ.

ಫ್ಯಾನ್ ಎಲ್ಲ ತಿರುಗುತ್ತದೆ, ಡಿಸ್ಪ್ಲೇ ಬರುತ್ತಿಲ್ಲ. ಬೋರ್ಡ್ ಹೋಯ್ತಾ?

ಹೆಚ್ಚಾಗಿ ಹೋಗಿರುವುದಿಲ್ಲ. ಮೊದಲು ಕಾಯಿರಿ. ಡಿಡಿಆರ್5 ಬೋರ್ಡ್, ಅದರಲ್ಲೂ ಎಎಂ5, ಮೊದಲ ಸಲ ರ‍್ಯಾಮ್ ಜೊತೆ ಹೊಂದಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತದೆ. ಆಗ ಪರದೆ ಕಪ್ಪಾಗಿಯೇ ಇರುತ್ತದೆ. ಆ ಹೊತ್ತಿಗೆ ಹೆದರಿ ಆಫ್ ಮಾಡಿದರೆ ಮತ್ತೆ ಮೊದಲಿನಿಂದ ಶುರು. ಒಂದು ಚಾ ಕುಡಿದು ಬನ್ನಿ.

ಬಂದ ಮೇಲೂ ಕಪ್ಪಾಗಿದ್ದರೆ ಮಾನಿಟರ್ ಕೇಬಲ್ ನೋಡಿ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಅದಕ್ಕೇ ಹೋಗಬೇಕು, ಬೋರ್ಡಿಗಲ್ಲ. ಆಮೇಲೆ ಬೋರ್ಡಿನಲ್ಲಿ ಸಣ್ಣ ಲೈಟ್ ಹುಡುಕಿ. ಈಗಿನ ಹಲವು ಬೋರ್ಡ್‌ಗಳಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ (ಗ್ರಾಫಿಕ್ಸ್), ಬೂಟ್ ಅಂತ ನಾಲ್ಕು ಇವೆ, ಯಾವುದರಲ್ಲಿ ನಿಂತಿದೆಯೋ ತೊಂದರೆ ಅಲ್ಲಿ. ಸಿಪಿಯು ಲೈಟ್ ಆದರೆ 8 ಪಿನ್ ಕೇಬಲ್ ಸಿಕ್ಕಿಸಲು ಮರೆತಿರಬಹುದು. ಡಿರ‍್ಯಾಮ್ ಆದರೆ ಒಂದೇ ರ‍್ಯಾಮ್ ಇಟ್ಟು, ತೆಗೆದು, ಮತ್ತೆ ಗಟ್ಟಿಯಾಗಿ ಒತ್ತಿ. ಬೂಟ್ ಲೈಟ್ ಆದರೆ ಖುಷಿಪಡಿ, ವಿಂಡೋಸ್ ಹಾಕಿಲ್ಲ ಅಂತ ಅಷ್ಟೇ.

ಏನೂ ಆಗದಿದ್ದರೆ ಪ್ಲಗ್ ತೆಗೆದು, ನಾಣ್ಯದಂಥ ಸಿಆರ್2032 ಬ್ಯಾಟರಿಯನ್ನು ಐದು ನಿಮಿಷ ಹೊರಗಿಟ್ಟು ಮತ್ತೆ ಹಾಕಿ.

ಫ್ಯಾನೂ ತಿರುಗುವುದಿಲ್ಲ.

ಎಸ್‌ಎಂಪಿಎಸ್ ಹಿಂದಿನ ಸ್ವಿಚ್ ನೋಡಿ. ಆಮೇಲೆ 24 ಪಿನ್ ಪೂರ್ತಿ ಒಳಗೆ ಹೋಗಿದೆಯಾ, ಪವರ್ ಬಟನ್ ವೈರ್ ಸರಿ ಪಿನ್ನಿನಲ್ಲಿದೆಯಾ ನೋಡಿ. ಹೊರಗೆ ಆನ್ ಆಗಿದ್ದು ಒಳಗೆ ಆಗದಿದ್ದರೆ ಸ್ಟ್ಯಾಂಡಾಫ್ ಮೇಲೆ ಅನುಮಾನ ಪಡಿ.

ಮನೆ ಸಮುದ್ರದ ಹತ್ತಿರ. ಬೋರ್ಡ್ ಬಾಳಿಕೆ ಬರುತ್ತದಾ?

ಮಲ್ಪೆ, ಪಣಂಬೂರು, ಉಳ್ಳಾಲದಂಥ ಕಡೆ ಗಾಳಿಯಲ್ಲಿ ಉಪ್ಪು ಇರುತ್ತದೆ. ಅದು ತೇವ ಎಳೆದುಕೊಂಡು ಪಿನ್‌ಗಳ ಮೇಲೆ ಕೂರುತ್ತದೆ, ನಿಧಾನಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಸಮುದ್ರದ ಕಡೆಯ ಕಿಟಕಿ ಪಕ್ಕ ಇಡಬೇಡಿ, ನೆಲದ ಮೇಲೂ ಬೇಡ. ಮಳೆಗಾಲದಲ್ಲಿ ದಿನಕ್ಕೆ ಒಂದು ಗಂಟೆಯಾದರೂ ಆನ್ ಮಾಡಿ. ಒಳಗಿನ ಬಿಸಿಯೇ ತೇವವನ್ನು ಓಡಿಸುತ್ತದೆ. ಊರಿಗೆ ಹೋಗಿ ತಿಂಗಳುಗಟ್ಟಲೆ ಮುಚ್ಚಿಟ್ಟ ಯಂತ್ರವೇ ಬೇಗ ಕೆಡುವುದು. ರ‍್ಯಾಮ್‌ನ ತುದಿ ಮಂಕಾದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ ಒಣಗಿಸಿ ಹಾಕಿ.

ಇರುವೆ, ಹಲ್ಲಿ?

ಬರುತ್ತವೆ. ಹಿಂದಿನ ಖಾಲಿ ಸ್ಲಾಟ್‌ಗಳ ತಗಡು ತೆಗೆದಿದ್ದರೆ ಮತ್ತೆ ಹಾಕಿ. ಎಸ್‌ಎಂಪಿಎಸ್ ಫ್ಯಾನಿಗೆ ಸಣ್ಣ ಜಾಲರಿ ಇರಲಿ. ಕೀಟನಾಶಕ ಸ್ಪ್ರೇ ಮಾತ್ರ ಒಳಗೆ ಹೊಡೆಯಬೇಡಿ.

ಸಿಡಿಲಿಗೆ ಯುಪಿಎಸ್ ಸಾಕಾ?

ಸಾಲದು. ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು, ಮತ್ತೆ ಅಕ್ಟೋಬರ್‌ನದ್ದು. ಮಿಂಚು ಶುರುವಾದರೆ ಪ್ಲಗ್ಗನ್ನೇ ಕೀಳಬೇಕು. ಸ್ವಿಚ್ ಆಫ್ ಮಾಡಿದರೆ ಫೇಸ್ ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಹಾಗೇ ಇರುತ್ತದೆ. ಗುಡುಗು ತಲೆಮೇಲೆ ಬಂದ ಮೇಲೆ ಓಡಿಹೋಗಿ ಕೀಳುವುದು ಬೇಡ, ಮೋಡ ಕಟ್ಟುವಾಗಲೇ ಕೀಳಿ.

ಎಲ್ಲರೂ ಮರೆಯುವುದು ಲ್ಯಾನ್ ಕೇಬಲ್. ಕಂಬದಿಂದ ಕಂಬಕ್ಕೆ ಎಳೆದ ತಾಮ್ರದ ವೈರಿನಲ್ಲಿ ಇಂಟರ್‌ನೆಟ್ ಬರುತ್ತಿದ್ದರೆ ಸಿಡಿಲು ಆ ದಾರಿಯಲ್ಲೂ ಬಂದು ಮದರ್‌ಬೋರ್ಡಿನ ಲ್ಯಾನ್ ಚಿಪ್ ಸುಡುತ್ತದೆ. ಫೈಬರ್‌ನಲ್ಲಿ ಕರೆಂಟ್ ಹರಿಯುವುದಿಲ್ಲ, ಆದರೆ ರೌಟರ್‌ನ ಅಡಾಪ್ಟರ್ ಗೋಡೆಗೆ ಸಿಕ್ಕಿಸಿಯೇ ಇರುತ್ತದೆ. ಅದನ್ನೂ ಕೀಳಿ. ವೈಫೈ ಇರುವ ಬೋರ್ಡಿಗೆ ಸ್ವಲ್ಪ ಹೆಚ್ಚು ದುಡ್ಡು ಕೊಡುವುದು ನಮ್ಮ ಊರಲ್ಲಿ ದಂಡ ಅಲ್ಲ ಅನ್ನುವುದು ಇದಕ್ಕೇ.

ಬೋರ್ಡಿನ ಬಾಕ್ಸ್ ಬಿಸಾಡಬಹುದಾ? ಮನೆಯಲ್ಲಿ ಜಾಗ ಇಲ್ಲ.

ವಾರಂಟಿ ಮುಗಿಯುವವರೆಗೆ ಬೇಡ. ಸಾಮಾನ್ಯವಾಗಿ 3 ವರ್ಷ ಇರುತ್ತದೆ. ಬಿಲ್, ಸೀರಿಯಲ್ ನಂಬರಿನ ಸ್ಟಿಕ್ಕರ್, ಸಾಕೆಟ್‌ನ ಕಪ್ಪು ಮುಚ್ಚಳ, ಉಳಿದ ಸ್ಕ್ರೂ ಎಲ್ಲ ಅದರೊಳಗೆ ಹಾಕಿ, ಬಾಕ್ಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಏರಿಸಿ. ಬಿಲ್ಲಿನ ಫೋಟೊ ಫೋನಿನಲ್ಲೂ ಇರಲಿ. ಥರ್ಮಲ್ ಪೇಪರ್ ಬಿಲ್ ಆಗಿದ್ದರೆ ಒಂದೆರಡು ಮಳೆಗಾಲದಲ್ಲಿ ಅಕ್ಷರ ಅಳಿಸಿ ಹೋಗುತ್ತದೆ.